ಅಟ್ಟದಲ್ಲಿಟ್ಟ ದಸರಾ ಗೊಂಬೆಗಳ ಬಣ್ಣ ವರ್ಷದೊಳಗೆ ಏಳುತ್ತದೆ, ಏಕೆ? ಹೇಗೆ ಇಡಬೇಕು?

ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಅಟ್ಟಕ್ಕೆ ಹಾಕುವುದೇ ಬಹುಮಟ್ಟಿಗೆ ಕಾರಣ. ಮಣ್ಣಿನ ಗೊಂಬೆಗಳನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಕೋಣೆಯ ಬೀರುವಿನಲ್ಲಿಡಿ. ಬೀರು ಮಳೆ ಹೊಡೆಯುವ ಹೊರಗೋಡೆಗೆ ತಾಗಿರಬಾರದು.

ಬಿಸಿ ಗಾಳಿ ಹೆಚ್ಚು ತೇವ ಹಿಡಿದಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಬಿಟ್ಟುಕೊಡುತ್ತದೆ. ತಾರಸಿಗೆ ಅಂಟಿದ ಅಟ್ಟ ಹಗಲೆಲ್ಲ ಕಾದು ರಾತ್ರಿ ಆರುವಾಗ, ಕವರಿನೊಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಗೊಂಬೆಯ ಮೇಲೇ ಕೂರುತ್ತದೆ. ಮಣ್ಣು ಅದನ್ನು ಹೀರಿ ಸ್ವಲ್ಪ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇಲಿನ ಬಣ್ಣದ ಪದರ ಅಷ್ಟು ಬಗ್ಗದು, ಚಕ್ಕೆಯಾಗಿ ಏಳುತ್ತದೆ. ನಮ್ಮ ಮನೆಯ ಶೆಟ್ಟಿ ಗೊಂಬೆಯ ಹೊಟ್ಟೆ ಹೀಗೇ ಸುಲಿದಿತ್ತು. ಪಂಚೆ ತುಂಡಿನಲ್ಲಿ ಸುತ್ತಿದ್ದ ಶೆಟ್ಟಮ್ಮನಿಗೆ ಏನೂ ಆಗಿರಲಿಲ್ಲ.

ಸುತ್ತುವ ಮೊದಲು ಒಂದು ದಿನ ನೆರಳಲ್ಲಿ ಆರಲು ಬಿಡಿ, ಬಿಸಿಲಿಗೆ ಇಡಬೇಡಿ. ದಿನಪತ್ರಿಕೆಯೂ ಬೇಡ, ಮಸಿ ಹತ್ತುತ್ತದೆ. ತೇವಾಂಶ ಶೇ. 65 ದಾಟಿದಲ್ಲಿ ಬೂಷ್ಟಿನ ಭಯವಿದೆ. ಕರಾವಳಿ, ಮಲೆನಾಡಿನವರು ಸಿಲಿಕಾ ಜೆಲ್ ಪೊಟ್ಟಣ (ತೇವ ಹೀರುವ ಹರಳು) ಇಡಬಹುದು, ಆದರೆ ಮಳೆಗಾಲದಲ್ಲಿ ಬದಲಿಸುತ್ತಿರಬೇಕು; ತೇವ ಕುಡಿದು ತುಂಬಿದ ಪೊಟ್ಟಣ ಇದ್ದೂ ದಂಡ. ಮರದ ಪಟ್ಟದ ಗೊಂಬೆಗಳಿಗೂ ಇದೇ ಕ್ರಮ, ಅವು ಬಿರುಕು ಬಿಡುವುದೂ ಈ ಹಿಗ್ಗು-ಕುಗ್ಗಿನಿಂದಲೇ.