ಇ-ಪುಸ್ತಕಕ್ಕೂ ಸರದಿ ಏಕೆ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗಳು ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಲಿಬ್ಬಿ ಆ್ಯಪ್‌ನಲ್ಲಿ ಒಂದು ಇ-ಪುಸ್ತಕಕ್ಕಾಗಿ ವಾರಗಟ್ಟಲೆ ಕಾಯುತ್ತಿದ್ದಾಳೆ. ಕಂಪ್ಯೂಟರ್ ಕಡತವನ್ನು ಏಕಕಾಲಕ್ಕೆ ಎಷ್ಟು ಜನರಿಗಾದರೂ ಕೊಡಬಹುದಲ್ಲವೇ? ಇತ್ತ ನಮ್ಮೂರಿನಲ್ಲಿ ಡಿಜಿಟಲ್ ಗ್ರಂಥಾಲಯವನ್ನು ವಿಚಾರಿಸುವವರೇ ಇಲ್ಲ. ಹೀಗೇಕೆ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಮಗಳನ್ನು ಕಾಯಿಸುತ್ತಿರುವುದು ಪ್ರಕಾಶಕರು ಗ್ರಂಥಾಲಯಕ್ಕೆ ವಿಧಿಸಿರುವ ಷರತ್ತು. ಮುದ್ರಿತ ಪುಸ್ತಕವನ್ನು ಒಮ್ಮೆ ಕೊಂಡರೆ ಅದರ ರಟ್ಟು ಕಿತ್ತುಹೋಗುವವರೆಗೂ ಎರವಲು ಕೊಡುವ ಹಕ್ಕು ಗ್ರಂಥಾಲಯಕ್ಕಿರುತ್ತದೆ. ಇ-ಪುಸ್ತಕದಲ್ಲಿ ಅದು ಪಡೆಯುವುದು ಬಹುಮಟ್ಟಿಗೆ ಪರವಾನಗಿಯನ್ನು ಮಾತ್ರ, ಅದೂ ಸಾಮಾನ್ಯ ಗ್ರಾಹಕರು ತೆರುವ ಬೆಲೆಯ ಹಲವು ಪಟ್ಟು ಕೊಟ್ಟು. ಒಂದು ಪರವಾನಗಿಗೆ ಒಂದು ಸಲಕ್ಕೆ ಒಬ್ಬರೇ ಓದುಗರು ಎಂಬುದು ಅಲ್ಲಿ ಹೆಚ್ಚು ರೂಢಿಯಲ್ಲಿರುವ ಪದ್ಧತಿ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಸಂಸ್ಥೆಯು 26 ಎರವಲುಗಳಾದ ಮೇಲೆ ಪರವಾನಗಿ ಮುಗಿಯುತ್ತದೆ ಎಂದಿತು. ಬೇರೆ ಕೆಲವು ದೊಡ್ಡ ಪ್ರಕಾಶಕರು ಎರಡು ವರ್ಷಗಳ ಅವಧಿಯನ್ನು ನಿಗದಿಪಡಿಸಿದರು. 2019ರ ನವೆಂಬರ್‌ನಲ್ಲಿ ಮ್ಯಾಕ್‌ಮಿಲನ್ ಇನ್ನೂ ಮುಂದೆ ಹೋಗಿ, ಹೊಸ ಪುಸ್ತಕದ ಮೊದಲ ಎಂಟು ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ ಒಂದೇ ಇ-ಪ್ರತಿ ಎಂಬ ನಿಯಮ ತಂದಿತು. ಊರು ದೊಡ್ಡದಾದರೂ ಪ್ರತಿ ಒಂದೇ! ಗ್ರಂಥಪಾಲಕರ ತೀವ್ರ ಪ್ರತಿಭಟನೆಯ ನಂತರ 2020ರ ಮಾರ್ಚ್‌ನಲ್ಲಿ ಅದು ರದ್ದಾಯಿತು.

ಸರದಿಯಿಲ್ಲದ ಏರ್ಪಾಡೂ ಇದೆ. ಅಮೆರಿಕದ ಹೂಪ್ಲಾದಂಥ ಇ-ಪುಸ್ತಕ ಸೇವೆಯಲ್ಲಿ ಗ್ರಂಥಾಲಯವು ಪ್ರತಿ ಎರವಲಿಗೂ ಹಣ ಕಟ್ಟುತ್ತದೆ. ಪ್ರಚಾರದಿಂದ ಎರವಲು ಹೆಚ್ಚಿದಷ್ಟೂ ಬಿಲ್ಲು ಬೆಳೆಯುವುದರಿಂದ ಒಬ್ಬರಿಗೆ ತಿಂಗಳಿಗೆ ಇಂತಿಷ್ಟೇ ಎಂಬ ಮಿತಿಯನ್ನು ಹೇರಬೇಕಾಗುತ್ತದೆ. ಆದ್ದರಿಂದ ಗ್ರಂಥಾಲಯಗಳು ಪ್ರಚಾರಕ್ಕೆಂದು ಸರದಿ ಬೆಳೆದಿರುವ ಜನಪ್ರಿಯ ಕಾದಂಬರಿಯ ಚಿತ್ರವನ್ನು ಗೋಡೆಗೆ ಅಂಟಿಸುವುದಕ್ಕಿಂತ, ಆ ದಿನವೇ ಸಿಗುವ ಪುಸ್ತಕಗಳನ್ನು ಮುಂದೆ ಮಾಡುವುದೇ ಜಾಣತನವೆಂದು ನನ್ನ ಎಣಿಕೆ.

ಇನ್ನು ನಮ್ಮ ಕಡೆಯ ಮಾತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಮನೆ ತೆರಿಗೆಯೊಂದಿಗೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಸರ್ಕಾರದ ಡಿಜಿಟಲ್ ಗ್ರಂಥಾಲಯದಲ್ಲಿ ನೋಂದಣಿ ಉಚಿತ. ಹೀಗಿದ್ದೂ ಕೇಳುವವರಿಲ್ಲ ಎಂದರೆ, ಸಂಗತಿ ಜನರ ಕಿವಿಗೆ ಬಿದ್ದಿಲ್ಲವೆಂದೇ ಅರ್ಥ. ಗಂಗಾವತಿಯಾಗಲಿ ಸಿಂಧನೂರಾಗಲಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಯುವಕ ಯುವತಿಯರು ಬೆಳಗಿನಿಂದಲೇ ಕೂರುವ ಮೇಜಿನ ಮೇಲೆ ಕ್ಯೂಆರ್ ಕೋಡ್ ಇರುವ ಹಾಳೆಯೊಂದನ್ನು ಅಂಟಿಸಿ, ಸಿಬ್ಬಂದಿಯೇ ಅವರ ಮೊಬೈಲಿನಲ್ಲಿ ನೋಂದಣಿ ಮಾಡಿಕೊಟ್ಟರೆ, ಭಾಷಣಸಹಿತ ಉದ್ಘಾಟನಾ ಸಮಾರಂಭಕ್ಕಿಂತ ಹೆಚ್ಚು ಫಲ ಸಿಕ್ಕೀತು. ಹಾಳೆಯಲ್ಲಿ ಆ್ಯಪ್‌ನ ಹೆಸರಷ್ಟೇ ಸಾಲದು. ಅದರಲ್ಲಿ ನಿಜವಾಗಿ ತೆರೆದುಕೊಳ್ಳುವ ಹತ್ತಾರು ಪುಸ್ತಕಗಳ ಹೆಸರೂ ಇರಬೇಕು.

ಕನ್ನಡದ ಹಳೆಯ ಕೃತಿಗಳಿಗೆ ಇನ್ನೊಂದು ಅನುಕೂಲವಿದೆ. ಭಾರತದಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ಕೃತಿಸ್ವಾಮ್ಯ ಮುಗಿಯುತ್ತದೆ. ಅಂಥ ಪುಸ್ತಕವನ್ನು ಸ್ಕ್ಯಾನ್ ಮಾಡಿ ಏಕಕಾಲಕ್ಕೆ ಎಷ್ಟು ಜನರಿಗೆ ಕೊಟ್ಟರೂ ಯಾರ ಪರವಾನಗಿಯೂ ಬೇಕಿಲ್ಲ. ನಿಮ್ಮ ಗ್ರಂಥಪಾಲಕರನ್ನು ಕಂಡಾಗ ಇಂಥ ಪುಸ್ತಕಗಳ ಪಟ್ಟಿಯನ್ನೇ ಮೊದಲು ಕೇಳಿರಿ.