ಹಗಲಲ್ಲೇ ಕಣ್ಣು ಮುಚ್ಚುವ ರಂಗ

ಪ್ರಶ್ನೆ: ನಮಸ್ಕಾರ ಅಕ್ಕ. ನಾವು ಟೆಕ್ಸಾಸ್‌ನ ಪ್ಲೇನೋದಲ್ಲಿದ್ದೇವೆ. ಮಗನ ಹಠಕ್ಕೆ ಕಳೆದ ವರ್ಷ ಒಂದು ವೇಲ್ಡ್ ಕಮೀಲಿಯನ್, ಅಂದರೆ ಒಂದು ಜಾತಿಯ ಗೋಸುಂಬೆ, ತಂದೆವು. ಗಂಡು. ಈಗ ಹದಿನಾಲ್ಕು ತಿಂಗಳು. ಹೆಸರು ರಂಗ. ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರದ ಜಾಲರಿ ಗೂಡು ಇದೆ. ಮೇಲೆ ಶಾಖದ ಬಲ್ಬ್. ಬಿಸಿಲಿನಲ್ಲಿರುವಂಥ ಯುವಿಬಿ (ಒಂದು ಬಗೆಯ ಅತಿನೇರಳೆ) ಕಿರಣ ಕೊಡುವ ಹಳೆಯ ಟ್ಯೂಬ್ ಕೆಟ್ಟಿದ್ದರಿಂದ ಮೂರು ವಾರದ ಹಿಂದೆ ಸುರುಳಿ ಆಕಾರದ ಯುವಿಬಿ ಬಲ್ಬ್ ತಂದೆವು. ಮಗ ಅದನ್ನು ಪಕ್ಕದ ಜಾಲರಿಗೆ ಕ್ಲಿಪ್ ಹಾಕಿ ನಿಲ್ಲಿಸಿದ. ರಾತ್ರಿ ಚಳಿಯಾಗದಿರಲಿ ಅಂತ ಒಂದು ಕೆಂಪು ಬಲ್ಬೂ ಉರಿಯುತ್ತದೆ. ಹತ್ತು ದಿನದಿಂದ ರಂಗ ಹಗಲಲ್ಲೇ ಎಡಗಣ್ಣು ಮುಚ್ಚುತ್ತಿದ್ದ. ಮೊನ್ನೆಯಿಂದ ಎರಡೂ ಮುಚ್ಚುತ್ತಿದ್ದಾನೆ. ಕ್ರಿಕೆಟ್ ಹುಳ ಎದುರಿಗೇ ಬಂದರೂ ನಾಲಿಗೆ ಚಾಚುವುದಿಲ್ಲ. ಊರಿಂದ ಬಂದಿರುವ ನಮ್ಮ ಅತ್ತೆ ನಂದಿಬಟ್ಟಲು ಹೂವಿನ ರಸ ಬಿಡು ಅನ್ನುತ್ತಾರೆ. ನಮ್ಮವರು ಮನೆಯಲ್ಲಿರುವ ಐ ಡ್ರಾಪ್ಸ್ ಹಾಕೋಣ ಅನ್ನುತ್ತಾರೆ. ಭಾನುವಾರ ಹಿತ್ತಲಿನ ದಾಸವಾಳದ ಗಿಡದ ಮೇಲೆ ಬಿಟ್ಟಿದ್ದೆವು, ಆಗ ಮಾತ್ರ ಚೆನ್ನಾಗಿದ್ದ, ಕಣ್ಣು ಬಿಟ್ಟುಕೊಂಡು ಓಡಾಡಿದ. ಇದು ಸೋಂಕೋ, ವಿಟಮಿನ್ ಕೊರತೆಯೋ?
ಒಬ್ಬ ಓದುಗರು, ಪ್ಲೇನೋ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಬೇಕಾಗಿದ್ದ ಸಾಲು ದಾಸವಾಳದ್ದು. ಅದನ್ನು ನೀವು ಕೊನೆಯಲ್ಲಿ, ಸುಮ್ನೆ ಹೇಳಿಬಿಟ್ಟ ಹಾಗೆ ಬರೆದಿದ್ದೀರಿ. ಗೂಡಿನೊಳಗೆ ಕಣ್ಣು ಮುಚ್ಚುತ್ತಾನೆ, ಹೊರಗಿನ ಬೆಳಕಿನಲ್ಲಿ ಬಿಡುತ್ತಾನೆ. ಸೋಂಕಾಗಿದ್ದರೆ ಹಿತ್ತಲಿಗೆ ಹೋದ ತಕ್ಷಣ ಅದು ರಜೆ ತೆಗೆದುಕೊಳ್ಳುತ್ತಿರಲಿಲ್ಲ, ಅಲ್ವಾ?

ಹಾಗಾಗಿ ನನ್ನ ಮೊದಲ ಅನುಮಾನ ಆ ಸುರುಳಿ ಬಲ್ಬಿನ ಮೇಲೆ. ಈ ಉತ್ತರ ಓದಿ ಮುಗಿಸುವ ಮೊದಲೇ ಹೋಗಿ ಅದನ್ನು ಆರಿಸಿ ಬನ್ನಿ. ಒಂದು ವಾರ ಯುವಿಬಿ ಇಲ್ಲದಿದ್ದರೆ ತಿಂದುಂಡು ಬೆಳೆದ ಪ್ರಾಣಿಗೆ ಏನೂ ಆಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಬೆಸುಗೆ ಹಾಕುವುದನ್ನು ಬರಿಗಣ್ಣಿನಲ್ಲಿ ನೋಡಿದವರಿಗೆ ರಾತ್ರಿ ಕಣ್ಣಲ್ಲಿ ಮರಳು ಹಾಕಿದ ಹಾಗೆ ಉರಿಯುತ್ತದೆ. ನಮ್ಮ ಸಾಗರದ ಮನೆ ಎದುರು ವೆಲ್ಡಿಂಗ್ ಅಂಗಡಿ ಇತ್ತು. ಅಲ್ಲಿನ ಹುಡುಗರು ವಾರಕ್ಕೊಮ್ಮೆಯಾದರೂ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಮಲಗಿರುತ್ತಿದ್ದರು. ಯುವಿ ಕಿರಣ ಜಾಸ್ತಿ ಬಿದ್ದು ಕಣ್ಣಿನ ಮೇಲ್ಪದರ ಸುಟ್ಟ ಹಾಗೆ ಆಗುವುದು ಅದು. ಹತ್ತಿರದಲ್ಲಿಟ್ಟ ಕೆಲವು ಸುರುಳಿ ಬಲ್ಬುಗಳಿಂದ ಗೋಸುಂಬೆಗೂ ಅದೇ ಆಗುತ್ತದೆ. ಈ ಬಲ್ಬಿನ ಶಕ್ತಿ ಹತ್ತಿರದಲ್ಲಿ ವಿಪರೀತ, ಒಂದಡಿ ದೂರ ಹೋದರೆ ಹೆಚ್ಚುಕಡಿಮೆ ಸೊನ್ನೆ. ನಾಲ್ಕಡಿ ಗೂಡಿಗೆ ಅದು ಹೇಗೂ ಸಾಲದು.

ಇನ್ನೊಂದು ತಪ್ಪು ಅದನ್ನು ಪಕ್ಕದಲ್ಲಿ ಕಟ್ಟಿದ್ದು. ನಿಮ್ಮ ಮಗನನ್ನು ಬೈಯಬೇಡಿ, ಜಾಗ ಇರಲಿಲ್ಲ, ಕಟ್ಟಿದ. ಆದರೆ ಸೂರ್ಯ ಪಕ್ಕದಿಂದ ಬರುವುದಿಲ್ಲ. ರಂಗನ ಕಣ್ಣಿನ ಮೇಲೆ ಹುಬ್ಬಿನಂಥ ಏಣು ಇದೆ ನೋಡಿ, ಅದು ಮೇಲಿಂದ ಬೀಳುವ ಬಿಸಿಲಿಗೆ ಸೂರಿನ ಹಾಗೆ. ಪಕ್ಕದಿಂದ ಬರುವ ಬೆಳಕು ಸೂರಿನಡಿ ನುಗ್ಗಿ ನೇರ ಕಣ್ಣಿಗೆ ಹೊಡೆಯುತ್ತದೆ. ಬಲ್ಬ್ ಗೂಡಿನ ಎಡಕ್ಕಿದೆಯಾ? ಮೊದಲು ಮುಚ್ಚಿದ್ದು ಎಡಗಣ್ಣು ಅಂತ ಬರೆದಿದ್ದೀರಿ, ಅದಕ್ಕೇ ಕೇಳಿದೆ.

ನನ್ನ ಅನುಮಾನ ನಿಜವೋ ಅಂತ ನೀವೇ ನೋಡಬಹುದು. ನಾಳೆ ಬೆಳಿಗ್ಗೆ ದೀಪ ಹಾಕುವ ಮೊದಲು, ಕೋಣೆಯಲ್ಲಿ ಬೆಳಕು ಹರಿದಾಗ, ದೂರದಿಂದ ನೋಡಿ. ಕಣ್ಣು ಬಿಟ್ಟಿದ್ದಾನಾ? ಆಮೇಲೆ ಶಾಖದ ಬಲ್ಬ್ ಮಾತ್ರ ಹಾಕಿ ಒಂದು ಗಂಟೆ ಬಿಡಿ. ಹೀಗೆ ಎರಡು ಮೂರು ದಿನ ನೋಡಿ. ಬಲ್ಬ್ ತೆಗೆದ ಮೇಲೆ ದಿನದಿಂದ ದಿನಕ್ಕೆ ಕಣ್ಣು ಜಾಸ್ತಿ ಹೊತ್ತು ತೆರೆದಿದ್ದರೆ ಕಾರಣ ಸಿಕ್ಕ ಹಾಗೆ.

ಹಾಗಂತ ಡಾಕ್ಟರ ಹತ್ತಿರ ಹೋಗಬೇಡಿ ಅಂತಲ್ಲ. ಹೋಗಲೇಬೇಕು, ಈ ವಾರವೇ. ಹಗಲಲ್ಲಿ ಕಣ್ಣು ಮುಚ್ಚುವುದು ಗೋಸುಂಬೆಗೆ ಚಿಕ್ಕ ವಿಷಯವೇ ಅಲ್ಲ. ಆರೋಗ್ಯವಾಗಿರುವ ಗೋಸುಂಬೆ ಹಗಲಲ್ಲಿ ತೂಕಡಿಸುವುದಿಲ್ಲ. ಕಣ್ಣು ಕಾಣದಿದ್ದರೆ ನಾಲಿಗೆ ಬೀಸುವುದಿಲ್ಲ, ಬೀಸದಿದ್ದರೆ ಊಟ ಇಲ್ಲ. ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರಿಗೂ ಇದು ಗೊತ್ತಿರುವುದಿಲ್ಲ. ಅಮೆರಿಕದಲ್ಲಿ ಸರೀಸೃಪಗಳನ್ನು ನೋಡುವ ಪಶುವೈದ್ಯರ ಸಂಘವಿದೆ, ಎಆರ್‌ಎವಿ ಅಂತ. ಅವರ ಪಟ್ಟಿಯಲ್ಲಿ ನಿಮಗೆ ಹತ್ತಿರದವರನ್ನು ಹುಡುಕಿ. ಅವರು ಕಣ್ಣಿಗೆ ಒಂದು ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಗೀರು ಅಥವಾ ಹುಣ್ಣು ಇದ್ದರೆ ಆ ಜಾಗ ಹಸಿರಾಗಿ ಹೊಳೆಯುತ್ತದೆ. ರೆಪ್ಪೆ ಊದಿದರೆ, ಕೀವು ಕಂಡರೆ, ಬಾಯಿಯ ಮೂಲೆಯಲ್ಲಿ ಗಂಟು ಬಂದರೆ ವಾರವೂ ಕಾಯಬೇಡಿ, ಅವತ್ತೇ ಹೋಗಿ.

ಇನ್ನು ಡ್ರಾಪ್ಸ್. ಇಲ್ಲಿ ನನ್ನ ಕಥೆ ಹೇಳಲೇಬೇಕು. ಈಗ ನಾನು ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಸಹಾಯಕಿ, ಆದರೆ ಆಗ ಏನೂ ಗೊತ್ತಿರಲಿಲ್ಲ. ನನ್ನ ಮೊದಲ ಗೋಸುಂಬೆ ಕೆಂಚನಿಗೆ ಬಲಗಣ್ಣಿನಲ್ಲಿ ಕಡ್ಡಿ ಚುಚ್ಚಿ ಗೀರಾಗಿತ್ತು. ಮನೆಯ ಔಷಧಿ ಡಬ್ಬಿಯಲ್ಲಿ ಯಾವಾಗಲೋ ಉಳಿದಿದ್ದ ಡ್ರಾಪ್ಸ್ ಇತ್ತು, ಹಾಕಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಗೀರಿರುವ ಕಣ್ಣಿಗೆ ಸ್ಟೀರಾಯ್ಡ್ ಬಿದ್ದರೆ ಗಾಯ ಮಾಯುವುದಿಲ್ಲ, ಹುಣ್ಣು ಆಳಕ್ಕಿಳಿಯುತ್ತದೆ. ಮೂರೇ ವಾರದಲ್ಲಿ ಕೆಂಚನ ಕಣ್ಣು ಹೋಯಿತು. ಅದು ನನ್ನ ಕೈಯಾರೆ ಆದದ್ದು. ಆಮೇಲೆ ಅವನು ಒಂದೇ ಕಣ್ಣಲ್ಲಿ ನಾಲ್ಕು ವರ್ಷ ಬೇಟೆ ಆಡಿದ ಅನ್ನುವುದು ಬೇರೆ ಮಾತು. ಹತ್ತಿರದ ದೂರವನ್ನು ಸರಿಯಾಗಿ ಅಳೆಯಲು ನಾವು ಹೆಚ್ಚಾಗಿ ಎರಡು ಕಣ್ಣನ್ನೂ ನೆಚ್ಚಿಕೊಳ್ಳುತ್ತೇವೆ. ಗೋಸುಂಬೆ ಕ್ಯಾಮೆರಾದ ಹಾಗೆ ಒಂದೊಂದು ಕಣ್ಣಿನ ಫೋಕಸ್ಸಿನಿಂದಲೇ ದೂರ ಲೆಕ್ಕ ಹಾಕಬಲ್ಲದು. ಅದಕ್ಕೇ ಕೆಂಚ ಗುರಿ ತಪ್ಪಲಿಲ್ಲ. ಆದರೂ ಅವನು ಆ ಕಡೆ ತಲೆ ತಿರುಗಿಸಿ ನನ್ನನ್ನು ನೋಡುವಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು.

ನಂದಿಬಟ್ಟಲೂ ಬೇಡ. ನಿಮ್ಮ ಅತ್ತೆಯ ಮೇಲೆ ನನಗೆ ಗೌರವವಿದೆ. ನನ್ನ ಅಜ್ಜಿಯೂ ನಮ್ಮ ಕಣ್ಣು ಕೆಂಪಾದರೆ ಆ ಹೂವನ್ನು ರೆಪ್ಪೆಯ ಮೇಲಿಟ್ಟು ಮಲಗಿಸುತ್ತಿದ್ದರು, ತಣ್ಣಗೆ ಹಿತವಾಗಿರುತ್ತಿತ್ತು. ಆದರೆ ಗೋಸುಂಬೆಯ ರೆಪ್ಪೆ ನಮ್ಮದರಂತಲ್ಲ. ಮೇಲಿನದೂ ಕೆಳಗಿನದೂ ಅಂಟಿಕೊಂಡು ಐಸ್‌ಕ್ರೀಮ್ ಕೋನಿನ ಹಾಗಿದೆ, ತುದಿಯಲ್ಲೊಂದು ಸಣ್ಣ ತೂತು. ಒಳಗೆ ಹೋದ ರಸ, ಧೂಳು, ಪೊರೆಯ ಚೂರು ಸುಲಭಕ್ಕೆ ಹೊರಗೆ ಬರುವುದಿಲ್ಲ. ಹಾಕುವುದಾದರೆ ಔಷಧಿ ಅಂಗಡಿಯ ಸಲೈನ್, ಬೇರೇನೂ ಬೆರೆಸದ್ದು, ಎರಡು ಹನಿ. ಅಷ್ಟು ಸಾಕು.

ಅದಕ್ಕಿಂತ ಒಳ್ಳೆಯದು ಅವನೇ ಕಣ್ಣು ತೊಳೆದುಕೊಳ್ಳಲು ಬಿಡುವುದು. ದೀಪ ಹಾಕುವ ಮುಂಚೆ ಒಮ್ಮೆ, ರಾತ್ರಿ ಆರಿಸಿದ ಮೇಲೆ ಒಮ್ಮೆ, ಎರಡು ಮೂರು ನಿಮಿಷ ಮಂಜಿನ ಹಾಗೆ ನೀರು ಸಿಂಪಡಿಸಿ. ಮುಖಕ್ಕೆ ನೇರ ಹೊಡೆಯಬೇಡಿ, ಎಲೆಗಳ ಮೇಲೆ ಬೀಳಲಿ. ಹತ್ತು ಸೆಕೆಂಡಿನ ಚಿಮುಕಿಕೆಗೆ ಅವನು ತಯಾರಾಗುವುದೇ ಇಲ್ಲ. ಹೊತ್ತು ಕೊಟ್ಟರೆ ಕಣ್ಣನ್ನು ಉಬ್ಬಿಸಿ, ಬುಗುರಿಯಂತೆ ತಿರುಗಿಸಿ, ಕೊಂಬೆಗೆ ಒರೆಸಿಕೊಳ್ಳುತ್ತಾನೆ. ಕಣ್ಣು ಕಿತ್ತು ಬರುತ್ತಿದೆಯೇನೋ ಅನ್ನಿಸುವಷ್ಟು ಉಬ್ಬುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗಿ ನನಗೆ ಫೋನ್ ಮಾಡುತ್ತಾರೆ. ಕೆಲವು ನಿಮಿಷದಲ್ಲಿ ಒಳಗೆ ಹೋದರೆ ಅದು ಬರೀ ಶುಚಿ ಮಾಡಿಕೊಳ್ಳುವ ಕೆಲಸ. ಕಣ್ಣು ಗುಳಿ ಬಿದ್ದಿದ್ದರೆ ಮಾತ್ರ ನೀರು ಸಾಲುತ್ತಿಲ್ಲ ಅಂತ ತಿಳಿಯಿರಿ. ಹಿಕ್ಕೆಯ ಜೊತೆ ಬರುವ ಬಿಳಿ ಭಾಗವನ್ನೂ ನೋಡಿ, ಅದು ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಅದೂ ಬಾಯಾರಿಕೆಯದೇ ಗುರುತು.

ವಿಟಮಿನ್ ವಿಷಯ ಕೇಳಿದ್ದೀರಿ. ಎ ವಿಟಮಿನ್ ಕೊರತೆಯಾದರೂ ಕಣ್ಣು ಊದುತ್ತದೆ, ಮುಚ್ಚುತ್ತದೆ, ಸಾಮಾನ್ಯವಾಗಿ ಎರಡೂ ಕಡೆ. ಹುಳಕ್ಕೆ ಕ್ಯಾರೆಟ್ ತಿನ್ನಿಸುವುದು ಒಳ್ಳೆಯದೇ, ಆದರೆ ಅದನ್ನೇ ನಂಬಿ ಕೂರಬೇಡಿ. ನಿಮ್ಮ ವಿಟಮಿನ್ ಪುಡಿಯ ಡಬ್ಬಿ ತಿರುಗಿಸಿ ಓದಿ. ಬೀಟಾ ಕೆರೋಟಿನ್ ಅಂತ ಮಾತ್ರ ಇದ್ದರೆ ಬದಲಿಸಿ, ರೆಟಿನಾಲ್ ಅಥವಾ ವಿಟಮಿನ್ ಎ ಅಸಿಟೇಟ್ ಇರುವುದು ಬೇಕು. ತಿಂಗಳಿಗೆ ಎರಡು ಸಲ, ಹುಳದ ಮೈಗೆ ತೆಳ್ಳಗೆ ಸವರಿ. ಉಳಿದ ದಿನ ಬರೀ ಕ್ಯಾಲ್ಸಿಯಂ. ಮನುಷ್ಯರ ಎ ವಿಟಮಿನ್ ಮಾತ್ರೆ ಒಡೆದು ಬಾಯಿಗೆ ಬಿಡುವ ಸಾಹಸ ಬೇಡವೇ ಬೇಡ. ಅದು ಮೈಯಲ್ಲೇ ಉಳಿದು ವಿಷವಾಗುತ್ತದೆ.

ಈಗ ಹೊಸ ದೀಪ. ಉದ್ದ ಟ್ಯೂಬ್ ತನ್ನಿ, ಟಿ5 ಎಚ್‌ಒ ಅಂತ ಕೇಳಿ, ಯುವಿಬಿ 5.0 ಅಥವಾ 6 ಶೇಕಡಾದ್ದು, ಒಳಗೆ ಕನ್ನಡಿಯಂಥ ಪ್ರತಿಫಲಕ ಇರುವ ಪಟ್ಟಿಯ ಜೊತೆ. 10.0, 12 ಅಂತ ಬರೆದದ್ದನ್ನು ಅಂಗಡಿಯವರು ಕೊಟ್ಟರೆ ಬೇಡ ಅನ್ನಿ, ಅದು ಮರುಭೂಮಿಯ ಹಲ್ಲಿಗಳಿಗೆ. ಟ್ಯೂಬು ಗೂಡಿನ ಮೇಲೆ ಜಾಲರಿಯ ಮೇಲ್ಗಡೆ ಮಲಗಬೇಕು. ಶಾಖದ ಬಲ್ಬನ್ನು ಒಂದು ಬದಿಗೆ ಸರಿಸಿದರೆ ಜಾಗ ಆಗುತ್ತದೆ. ಇನ್ನು ಕೊಂಬೆ. ಜನ ಅಳೆಯುವುದು ಟ್ಯೂಬಿನಿಂದ ಕೊಂಬೆಗೆ. ಅಳೆಯಬೇಕಾದ್ದು ಕೊಂಬೆಯ ಮೇಲೆ ಕೂತ ರಂಗನ ಬೆನ್ನಿಗೆ. ಟ್ಯೂಬಿನಿಂದ ಬೆನ್ನಿಗೆ ಎಂಟು ಒಂಬತ್ತು ಇಂಚು ಇರಲಿ. ಜಾಲರಿ ಯುವಿಬಿಯ ಒಂದು ಪಾಲನ್ನು ತಾನೇ ತಡೆಯುತ್ತದೆ, ಅದೂ ಈ ಲೆಕ್ಕದಲ್ಲಿ ಸೇರಿದೆ. ಸ್ನೇಹಿತರ ಹತ್ತಿರ ಯುವಿ ಅಳೆಯುವ ಸೋಲಾರ್‌ಮೀಟರ್ 6.5 ಇದ್ದರೆ ಒಂದು ಸಂಜೆಗೆ ಎರವಲು ತನ್ನಿ. ಬೆನ್ನಿರುವ ಎತ್ತರದಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸು ತೋರಿಸಿದರೆ ನಿಶ್ಚಿಂತೆ. ಅವನು ಜಾಲರಿ ಹಿಡಿದು ತಲೆಕೆಳಗಾಗಿ ಟ್ಯೂಬಿಗೆ ಅಂಟಿಕೊಳ್ಳುವ ಜಾತಿಯಾದರೆ ಟ್ಯೂಬನ್ನು ಎರಡು ಇಂಚು ಎತ್ತಿ ಕೂರಿಸಿ.

ಶಾಖಕ್ಕೆ ಸಾಮಾನ್ಯ ಬಿಳಿ ಬಲ್ಬ್ ಸಾಕು, ಕೊಂಬೆಯ ಹತ್ತಿರ 85 ಫ್ಯಾರನ್‌ಹೀಟ್, ಅಂದರೆ 29 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಮುಂಗೈಯನ್ನು ಅಲ್ಲಿ ಒಂದು ನಿಮಿಷ ಹಿಡಿಯಿರಿ, ನಿಮಗೆ ಸುಟ್ಟರೆ ಅವನಿಗೂ ಸುಡುತ್ತದೆ. ಎಲ್ಲ ದೀಪವನ್ನೂ ಟೈಮರಿಗೆ ಹಾಕಿ, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು.

ಕತ್ತಲು ಅಂದರೆ ಪೂರ್ತಿ ಕತ್ತಲು. ಆ ಕೆಂಪು ಬಲ್ಬನ್ನು ಇವತ್ತೇ ಕಿತ್ತು ಹಾಕಿ. ಗೋಸುಂಬೆಗೆ ಕೆಂಪು ಕಾಣುವುದಿಲ್ಲ ಅನ್ನುವುದು ಅಂಗಡಿಯ ಮಾತು. ಅದಕ್ಕೆ ಬಣ್ಣ ನಮಗಿಂತ ಜಾಸ್ತಿಯೇ ಕಾಣುತ್ತದೆ. ನಮ್ಮ ಕೋಣೆಯಲ್ಲಿ ರಾತ್ರಿಯಿಡೀ ಸಿಗ್ನಲ್ ದೀಪ ಉರಿದರೆ ಮರುದಿನ ನಾವೂ ಆಫೀಸಿನಲ್ಲಿ ಕಣ್ಣು ಮುಚ್ಚುತ್ತೇವೆ. ಇದು ಯೆಮೆನ್ ಮತ್ತು ಸೌದಿಯ ಬೆಟ್ಟಗಳ ಕಡೆಯ ಪ್ರಾಣಿ, ರಾತ್ರಿಯ ತಂಪು ಅದಕ್ಕೆ ಹೊಸದಲ್ಲ. ನಿಮ್ಮ ಮನೆಯೊಳಗೆ 65ಕ್ಕೆ ಇಳಿದರೂ ರಂಗ ಹಾಯಾಗಿ ನಿದ್ದೆ ಮಾಡುತ್ತಾನೆ.

ಹೊಸ ಟ್ಯೂಬ್ ಬರುವವರೆಗೆ ಬೆಳಗಿನ ಎಳೆ ಬಿಸಿಲಿನಲ್ಲಿ ಅದೇ ದಾಸವಾಳದ ಮೇಲೆ ಅರ್ಧ ಗಂಟೆ ಬಿಡಿ. ಪಕ್ಕದಲ್ಲೇ ಯಾರಾದರೂ ಕೂತಿರಲಿ, ನೆರಳಿಗೆ ಸರಿಯಲು ಎಲೆ ಇರಲಿ, ಗಿಡಕ್ಕೆ ಕೀಟನಾಶಕ ಹೊಡೆದಿರಬಾರದು. ಕಿಟಕಿಯ ಗಾಜಿನ ಹಿಂದೆ ಕೂರಿಸಿ ಬಿಸಿಲು ಸಿಕ್ಕಿತು ಅಂದುಕೊಳ್ಳಬೇಡಿ, ಗಾಜು ಯುವಿಬಿಯನ್ನು ಒಳಗೆ ಬಿಡುವುದಿಲ್ಲ. ಹಸಿದಿದ್ದರೆ ಹೊರಗೆ, ಕಣ್ಣು ಬಿಟ್ಟ ಹೊತ್ತಿನಲ್ಲೇ ಹುಳ ತೋರಿಸಿ. ಏನಾಯಿತು ಅಂತ ಬರೆಯಿರಿ. ಬಲ್ಬ್ ಯಾವ ಪಕ್ಕದಲ್ಲಿತ್ತು ಅನ್ನುವುದನ್ನೂ.

ಪ್ರಶ್ನೆ: ನಮ್ಮ ತೋಟದ ಬೇಲಿಯಲ್ಲಿ ಒಂದು ಗೋಸುಂಬೆ ಸಿಕ್ಕಿದೆ. ಹುಡುಗರು ಕಲ್ಲು ಹೊಡೆದಿದ್ದಾರೆ, ಒಂದು ಕಣ್ಣು ಮುಚ್ಚಿಕೊಂಡಿದೆ. ಮಗಳು ಸಾಕೋಣ ಅಂತಾಳೆ. ಯಾವ ಬಲ್ಬ್ ಹಾಕಬೇಕು?
ಒಬ್ಬ ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ಯಾವ ಬಲ್ಬೂ ಬೇಡ ಸಾರ್. ನಮ್ಮ ನಾಡಿನ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮನೆಯಲ್ಲಿ ಸಾಕುವ ಹಾಗಿಲ್ಲ. ಪ್ಲೇನೋದವರದು ಬೇರೆ ದೇಶದ, ಬೇರೆ ಜಾತಿಯ, ಗೂಡಿನಲ್ಲೇ ಹುಟ್ಟುವ ಪ್ರಾಣಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕೊಂಬೆ ಇಟ್ಟು, ಅದರ ಮೇಲೆ ಕೂರಿಸಿ, ನೆರಳಿನಲ್ಲಿಡಿ. ಬಾಯಿಗೆ ನೀರು ಬಿಡಬೇಡಿ, ಅರಿಶಿನ ಹಚ್ಚಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕಲ್ಲು ಹೊಡೆದ ಹುಡುಗರಿಗೆ ಒಂದು ಮಾತು ಹೇಳಿ: ಅದಕ್ಕೆ ವಿಷ ಇಲ್ಲ, ಅದು ನಿಮ್ಮ ತೋಟದ ಹುಳ ತಿನ್ನುತ್ತದೆ. ಮಗಳಿಗೆ ಬೇಸರವಾಗುತ್ತದೆ, ಗೊತ್ತು. ವಾಪಸ್ ತಂದು ಬಿಡುವುದಾದರೆ ಅದೇ ಬೇಲಿಗೇ ಬಿಡಿ ಅಂತ ಬರುವ ಸಿಬ್ಬಂದಿಗೆ ಅವಳೇ ಕೇಳಲಿ.

ಪ್ರಶ್ನೆ: ಯುವಿಬಿ ಟ್ಯೂಬ್ ವರ್ಷಕ್ಕೊಮ್ಮೆ ಬದಲಿಸಬೇಕಂತೆ. ನಮ್ಮದು ಎರಡು ವರ್ಷವಾದರೂ ಝಗಝಗ ಉರಿಯುತ್ತಿದೆ. ಇದು ಕಂಪನಿಯವರ ವ್ಯಾಪಾರ ತಾನೇ?
ಒಬ್ಬ ಓದುಗರು, ಲಂಡನ್

ಉತ್ತರ: ವ್ಯಾಪಾರವೂ ಹೌದು, ನಿಜವೂ ಹೌದು. ನಿಮಗೆ ಝಗಝಗ ಅನ್ನಿಸುವುದು ಕಣ್ಣಿಗೆ ಕಾಣುವ ಬೆಳಕು. ಯುವಿಬಿ ಕಾಣುವುದಿಲ್ಲ, ಅದು ಸದ್ದಿಲ್ಲದೆ ಕಡಿಮೆಯಾಗುತ್ತಾ ಹೋಗುತ್ತದೆ. ಅಳೆಯುವ ಮೀಟರ್ ಇದ್ದರೆ ಅದು ಹೇಳಿದಾಗ ಬದಲಿಸಿ. ಇಲ್ಲದಿದ್ದರೆ ವರ್ಷಕ್ಕೊಮ್ಮೆ. ಟ್ಯೂಬಿನ ತುದಿಗೆ ತಾರೀಕು ಬರೆದು ಅಂಟಿಸಿ ಅಂತ ಎಲ್ಲರಿಗೂ ಹೇಳುತ್ತೇನೆ, ನನ್ನದೇ ಚೀಟಿ ಶಾಖಕ್ಕೆ ಉದುರಿಹೋಗುತ್ತದೆ. ಅದಕ್ಕೆ ಯುಗಾದಿಯ ದಿನ ಬದಲಿಸುವುದು ಅಂತ ಇಟ್ಟುಕೊಂಡಿದ್ದೇನೆ. ನಮಗೆ ಹೊಸ ಬಟ್ಟೆ, ಅವರಿಗೆ ಹೊಸ ಟ್ಯೂಬ್.