ಬೇರಿನ ನಾಳ ತೊಳೆಯಲು ಸಿರಿಂಜ್ ಸಾಕೇ, ಅಲ್ಟ್ರಾಸಾನಿಕ್ ಬೇಕೇ?

ಪ್ರಶ್ನೆ: ನನ್ನ ದವಡೆ ಹಲ್ಲಿಗೆ ರೂಟ್ ಕೆನಾಲ್ ಚಿಕಿತ್ಸೆ ಆಗಬೇಕಿದೆ. ನಾಳವನ್ನು ಸಿರಿಂಜ್‌ನಿಂದ ತೊಳೆದರೆ ಸಾಕು ಎಂದು ಒಬ್ಬ ವೈದ್ಯರು ಹೇಳಿದರು. ಅಲ್ಟ್ರಾಸಾನಿಕ್ ಇಲ್ಲದಿದ್ದರೆ ಸೋಂಕು ಉಳಿಯುತ್ತದೆ ಎಂದು ಇನ್ನೊಬ್ಬರು ಹೆದರಿಸಿದರು. ಯಾರನ್ನು ನಂಬಲಿ?

ಉತ್ತರ: ಹೆದರಿಸಿದ್ದು ಅತಿಯಾಯಿತು. ಆದರೆ ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ.

ನಾಳ ಉಜ್ಜುವ ಸಪೂರ ಉಪಕರಣವಾದ ಫೈಲ್‌ನಿಂದ ಎಷ್ಟೇ ಉಜ್ಜಿದರೂ ನಾಳದ ಗೋಡೆಯ ಸುಮಾರು ಮೂರನೇ ಒಂದು ಭಾಗಕ್ಕೆ, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ಭಾಗಕ್ಕೆ, ಅದು ತಾಗುವುದೇ ಇಲ್ಲ. ಅಲ್ಲಿ ಕೆಲಸ ಮಾಡಬೇಕಾದದ್ದು ದ್ರವ. ಸೋಡಿಯಂ ಹೈಪೋಕ್ಲೋರೈಟ್ ಸತ್ತ ಅಂಗಾಂಶವನ್ನು ಕರಗಿಸುತ್ತದೆ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಉಜ್ಜುವಾಗ ಗೋಡೆಗೆ ಮೆತ್ತಿಕೊಂಡ ಪುಡಿಯ ಪದರವನ್ನು ಕೊನೆಯಲ್ಲಿ ಶೇ 17ರ ಇಡಿಟಿಎ ಎಂಬ ರಾಸಾಯನಿಕ ದ್ರಾವಣ ತೆಗೆಯುತ್ತದೆ.

ತೊಡಕಿರುವುದು ದ್ರವವನ್ನು ತುದಿಗೆ ಮುಟ್ಟಿಸುವುದರಲ್ಲಿ. ಸಿರಿಂಜ್‌ನಿಂದ ಬಿಟ್ಟ ದ್ರವ ಸೂಜಿಯ ತುದಿಯಿಂದ ಒಂದೆರಡು ಮಿಲಿಮೀಟರ್ ದಾಟುವುದೇ ಕಷ್ಟ. ಅದರಾಚೆ ಗಾಳಿಗುಳ್ಳೆ ಅಡ್ಡ ಕೂರುತ್ತದೆ. ಹಾಗೆಂದು ಜೋರಾಗಿ ಒತ್ತುವಂತಿಲ್ಲ. ಹೈಪೋಕ್ಲೋರೈಟ್ ಬೇರಿನ ತುದಿ ದಾಟಿ ಹೊರಗೆ ನುಗ್ಗಿದರೆ ತಡೆಯಲಾಗದ ನೋವು, ನೋಡನೋಡುತ್ತಲೇ ಊದಿಕೊಳ್ಳುವ ಕೆನ್ನೆ! ಆದ್ದರಿಂದಲೇ ತುದಿ ಮುಚ್ಚಿ ಪಕ್ಕದಲ್ಲಿ ರಂಧ್ರವಿರುವ 30 ಗೇಜ್‌ನ ಸಪೂರ ಸೂಜಿ ಬಳಸಿ, ಅದು ನಾಳದಲ್ಲಿ ಬಿಗಿಯಾಗದಂತೆ ಮೇಲೆ ಕೆಳಗೆ ಆಡಿಸುತ್ತಾ ನಿಧಾನವಾಗಿ ಬಿಡುತ್ತಾರೆ.

ಅಲ್ಟ್ರಾಸಾನಿಕ್ ಬರುವುದು ಇದರ ನಂತರ, ಇದರ ಬದಲಿಗೆ ಅಲ್ಲ. ದ್ರವ ತುಂಬಿದ ನಾಳದೊಳಗೆ ಸಣ್ಣ ತಂತಿಯೊಂದು ಸೆಕೆಂಡಿಗೆ ಸುಮಾರು 30,000 ಬಾರಿ ಕಂಪಿಸುತ್ತದೆ. ಆ ಸುಳಿಗೆ ಸಿಕ್ಕ ದ್ರವ, ಎರಡು ನಾಳಗಳನ್ನು ಜೋಡಿಸುವ ಸೀಳಿನಂಥ ಸಂದುಗಳಿಗೂ ನುಗ್ಗುತ್ತದೆ. 20 ಸೆಕೆಂಡು ಕಂಪನ, ಮತ್ತೆ ಹೊಸ ದ್ರವ, ಹೀಗೆ ಮೂರು ಸುತ್ತು ಮಾಡುವುದು ರೂಢಿ. ದವಡೆ ಹಲ್ಲಿನಲ್ಲಿ ಇಂಥ ಸಂದುಗಳು ಹೆಚ್ಚು. ಹಾಗಾಗಿ ನಿಮಗೆ ಆ ಸೌಲಭ್ಯ ಸಿಕ್ಕರೆ ಒಳ್ಳೆಯದೇ. ಇದೇ ಕೆಲಸಕ್ಕೆ ಬಳಸುವ ಸೋನಿಕ್ ಉಪಕರಣಗಳ ಕಂಪನದ ವೇಗ ಇದಕ್ಕಿಂತ ಬಹಳ ಕಡಿಮೆ. ತುದಿಯಿಂದ ದ್ರವವನ್ನು ಹೀರಿಕೊಳ್ಳುವ ಋಣ ಒತ್ತಡದ ವಿಧಾನದಲ್ಲಿ ದ್ರವ ಹೊರನುಗ್ಗುವ ಭಯ ಅತ್ಯಂತ ಕಡಿಮೆ, ಆದರೆ ಅದರ ನಳಿಕೆ ಕಟ್ಟಿಕೊಳ್ಳುವ ಕಿರಿಕಿರಿ ವೈದ್ಯರಿಗಷ್ಟೇ ಗೊತ್ತು. ಏನೂ ಇಲ್ಲದಿದ್ದರೆ, ನಾಳಕ್ಕೆ ಹೊಂದುವ ಗಟ್ಟಾಪರ್ಚಾ ಕಡ್ಡಿಯನ್ನೇ (ಕೊನೆಗೆ ನಾಳ ತುಂಬಲು ಬಳಸುವ ರಬ್ಬರಿನಂಥ ವಸ್ತು) ದ್ರವದಲ್ಲಿ ಮೇಲೆ ಕೆಳಗೆ ಆಡಿಸಿದರೂ ಬರಿಯ ಸಿರಿಂಜ್‌ಗಿಂತ ಮೇಲು.

ಇಷ್ಟಾದರೂ, ಪ್ರಯೋಗಾಲಯದಲ್ಲಿ ಎದ್ದು ಕಾಣುವ ಈ ವ್ಯತ್ಯಾಸ ರೋಗಿಗಳ ಹಲ್ಲು ವಾಸಿಯಾಗುವುದರಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಯಂತ್ರಕ್ಕಿಂತ ಮೊದಲು ರಬ್ಬರ್ ಡ್ಯಾಮ್ ಹಾಕುತ್ತಾರೆಯೇ ಎಂದು ಕೇಳಿ. ಹಲ್ಲನ್ನು ಎಂಜಲಿನಿಂದ ಬೇರ್ಪಡಿಸುವ ಆ ತೆಳು ಹಾಳೆಯಿಲ್ಲದೆ ಅಲ್ಟ್ರಾಸಾನಿಕ್ ಮಾತಾಡುವವರಿಗಿಂತ, ಅದನ್ನು ಹಾಕಿ ಸಿರಿಂಜ್‌ನಲ್ಲೇ ತಾಳ್ಮೆಯಿಂದ ತೊಳೆಯುವವರ ಬಳಿ ನಾನಾದರೆ ಹೋಗುತ್ತೇನೆ.